ಲಾಭದಿಂದ ಅರವತ್ತು ಸುತ್ತು

ಫೆಬ್ರವರಿ 8, ಶನಿವಾರ

ಪೀಣ್ಯದ ನಮ್ಮ ಬೋಲ್ಟು-ನಟ್ಟು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಏನೇ ಹಾಳಾದರೂ ವರದಿ ಬರೆಯುವವನು ನಾನು. ಇಪ್ಪತ್ತೆರಡು ವರ್ಷದ ಅಭ್ಯಾಸ. ಮನೆಯ ಹಾಳನ್ನೂ ಹಾಗೇ ಬರೆದುಬಿಡುತ್ತೇನೆ.

ಹಾಳಾದ ವಸ್ತು: ಅತ್ತೆಯವರ ಬ್ಯಾಟರಿ ವೀಲ್‌ಚೇರಿನ ಚಾರ್ಜರ್, ಒಂದು. ಕಾರಣ: ನೀರು. ನೀರಿನ ಮೂಲ: ಅಳಿಯ. ಕಿಟಕಿಯಲ್ಲಿದ್ದ ಮನಿಪ್ಲಾಂಟ್ ಬಾಡಿದೆ ಅಂತ ಒಂದು ಚೊಂಬು ಸುರಿದೆ. ಅದರ ಕೆಳಗೆ ಚಾರ್ಜರ್ ಕೂತಿತ್ತು. ಟಪ್ ಅಂತು. ಇದು ನಡೆದು ಹದಿನೈದು ದಿನ. ಮನಿಪ್ಲಾಂಟ್ ಈಗ ನಳನಳಿಸುತ್ತಿದೆ.

ಪರಿಣಾಮ: ಇವತ್ತು ಎರಡನೇ ಶನಿವಾರ, ಅತ್ತೆಯವರು ಪಾರ್ಕಿಗೆ ಹೋಗಲಿಲ್ಲ. ಅವರು ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯ ಕಾಯಿಲ್ ಸೆಕ್ಷನ್ನಿನಲ್ಲಿ ತಂತಿ ಸುತ್ತಿದವರು. ರಿಟೈರಾದ ಹೆಂಗಸರು ತಿಂಗಳಿಗೊಮ್ಮೆ ಪಾರ್ಕಿನ ಬೇವಿನಮರದ ಕಟ್ಟೆ ಹತ್ತಿರ ಸೇರುತ್ತಾರೆ. ಮೊದಲು ಹನ್ನೊಂದು ಜನ ಇದ್ದರಂತೆ, ಈಗ ನಾಲ್ಕು. ಹೋದ ವರ್ಷ ಲಕ್ವ ಹೊಡೆದು ಎಡಗಾಲು ಸೋತ ಮೇಲೂ ಅತ್ತೆಯವರು ಒಂದು ಸಲವೂ ತಪ್ಪಿಸಿರಲಿಲ್ಲ. ಬಲಗೈಯಲ್ಲಿ ಆ ಚಿಕ್ಕ ಕಡ್ಡಿ ಒತ್ತಿಕೊಂಡು, ಯಾರ ಹಂಗೂ ಇಲ್ಲದೆ, ಜುಂ ಅಂತ ಹೋಗಿಬರುತ್ತಿದ್ದರು.

"ನಾನು ತಳ್ಕೊಂಡು ಹೋಗ್ತೀನಿ ಅತ್ತೆ. ಎಷ್ಟು ದೂರ ಮಹಾ," ಅಂದೆ.

"ತಳ್ಳಿಸ್ಕೊಂಡು ಹೋಗೋಕೆ ನಾನೇನು ತರಕಾರಿ ಗಾಡೀನಾ ಅಳಿಯಂದ್ರೇ?" ಅಂದರು, ಟೀವಿ ಕಡೆಗೇ ನೋಡುತ್ತಾ. ಟೀವಿ ಆಫ್ ಆಗಿತ್ತು.

ಗಿಡಕ್ಕೆ ಸಿಕ್ಕಿತು ನೀರು,
ಅತ್ತೆಗೆ ನಿಂತಿತು ಕಾರು.

ಪ್ರಾಸ ಬಂತು. ಅಷ್ಟೇ ಇವತ್ತಿನ ಸಂಪಾದನೆ.

ಫೆಬ್ರವರಿ 12, ಬುಧವಾರ

ಆನ್‌ಲೈನ್‌ನಲ್ಲಿ ತರಿಸಿದ ಚಾರ್ಜರ್ ಬಂತು. ಕುರ್ಚಿಯಲ್ಲಿರುವುದು ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ, ಒಟ್ಟು ಇಪ್ಪತ್ನಾಲ್ಕು. ಬಂದದ್ದು ಮೂವತ್ತಾರರದು.

"ಕನ್ನಡ ಮೀಡಿಯಂ ಆದ್ರೆ ಏನಂತೆ, ಅಂಕಿ ಎಲ್ಲಾ ಮೀಡಿಯಂಗೂ ಒಂದೇ ತಾನೇ?" ಅಂದಳು ಶೈಲಾ. ಹೆಂಡತಿಯ ಪ್ರಶ್ನೆಗೆ ಉತ್ತರ ಕೊಡಬಾರದು ಅನ್ನುವಷ್ಟು ಓದಿದ್ದೇನೆ. ಕುರ್ಚಿ ಸೆಕೆಂಡ್ ಹ್ಯಾಂಡ್. ಮಾಡಿದ ಕಂಪನಿಗೆ ಫೋನ್ ಮಾಡಿದರೆ ಈ ನಂಬರ್ ಚಾಲ್ತಿಯಲ್ಲಿಲ್ಲ ಅನ್ನುತ್ತೆ.

ಸಾಯಂಕಾಲ ಸೊಣ್ಣಮ್ಮನವರ ಫೋನು. ಕಾಯಿಲ್ ಸೆಕ್ಷನ್ನಿನ ನಾಲ್ವರಲ್ಲಿ ಒಬ್ಬರು, ಅತ್ತೆಯವರ ಪಕ್ಕದ ಬೆಂಚಿನಲ್ಲೇ ಅಷ್ಟೂ ವರ್ಷ ಕೂತವರು. ಅವರಿಗೆ ಅತ್ತೆಯವರು ಇಂದಿಗೂ ಅಮ್ಮಣ್ಣಿ. ಅವರ ದನಿಗೆ ಸ್ಪೀಕರ್ ಬೇಕಿಲ್ಲ.

"ಸರ್ಜಾಪುರುಕ್ಕೆ ಒಂಟೋಯ್ತೀನಿ ಕಣಮ್ಮಣ್ಣಿ, ಮಗಳ ಮನೇಗೆ. ಅಲ್ಲಿಂದ ಇಲ್ಲೀಗಂಟ ಯಾರು ಕರ್ಕಬತ್ತಾರೆ? ಮಾರ್ಚಿ ಎಂಟನೇ ತಾರೀಕು ಶನಿವಾರ ಸೇರದೇ ಕಡೇದು. ಬತ್ತೀಯ ತಾನೆ?"

"ನೋಡೋಣ," ಅಂದರು ಅತ್ತೆಯವರು. ಫೋನ್ ಇಟ್ಟು ಸ್ವಲ್ಪ ಹೊತ್ತು ಬಲಗೈ ಹೆಬ್ಬೆರಳಿನಿಂದ ತೋರುಬೆರಳು ಉಜ್ಜುತ್ತಾ ಕೂತರು, ತಂತಿ ಹಿಡಿದವರ ಹಾಗೆ.

ನನ್ನ ಹತ್ತಿರ ಇಪ್ಪತ್ನಾಲ್ಕು ದಿನ ಇದೆ. ಇಪ್ಪತ್ನಾಲ್ಕೇ ವೋಲ್ಟೂ ಬೇಕು. ಶಕುನ ಅಂದುಕೊಂಡೆ. ಶಕುನದಿಂದ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಫೆಬ್ರವರಿ 14, ಶುಕ್ರವಾರ

ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಶಿವರಾಜ್‌ಗೆ ಸಂಕಟ ಹೇಳಿಕೊಂಡೆ.

"ಒಂದು ಟ್ರಾನ್ಸ್‌ಫಾರ್ಮರು, ನಾಕು ಡಯೋಡು, ಒಂದು ಫ್ಯೂಸು. ಮನೇಲೇ ಮಾಡು ಗುರು."

"ನಾನು ಬಿ.ಎ. ಕಣೋ. ಇತಿಹಾಸ, ಕನ್ನಡ."

"ಕರೆಂಟಿಗೆ ನಿನ್ ಡಿಗ್ರಿ ಗೊತ್ತಾಗಲ್ಲ ಬಿಡು. ಎಲ್ಲಾರ್ನೂ ಒಂದೇ ಥರ ಹೊಡಿಯುತ್ತೆ."

ಮಧ್ಯಾಹ್ನ ನರಸಿಂಹಯ್ಯನವರ ಗುಜರಿಗೆ ಹೋದೆ. ಈಗ ಶೆಡ್ಡುಗಳಿರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಮೊಮ್ಮಗ ಅದೇ ನೆಲದಲ್ಲಿ ಕಬ್ಬಿಣ ಬೆಳೆಯುತ್ತಾರೆ. ಹಳೇ ಯೂಪಿಎಸ್ಸಿನಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್ ಕೊಟ್ಟರು. ಎತ್ತಿಕೊಂಡರೆ ಎಳೆ ಹಲಸಿನಕಾಯಿಯಷ್ಟು ಭಾರ.

"ಸುಟ್ಟೋಗೈತೋ ಸೆಂದಾಗೈತೋ ನಂಗೊತ್ತಿಲ್ಲ ಸಾ. ಅಂಗೇ ತಗಂಡೋಗಿ. ಆಗ್ಲಿಲ್ಲ ಅಂದ್ರೆ ಬಾಗ್ಲಿಗೆ ಅಡ್ಡ ಇಟ್ಕಳಿ, ಗಾಳೀಗೆ ಬಡ್ಕಳಲ್ಲ."

ಫೆಬ್ರವರಿ 16, ಭಾನುವಾರ

ಅತ್ತೆಯವರಿಗೆ ಕಾಣದ ಹಾಗೆ ವರಾಂಡದಲ್ಲಿ ಬಿಚ್ಚೋಣ ಅಂದುಕೊಂಡಿದ್ದೆ. ಮದುವೆಯಾಗಿ ಹದಿನೆಂಟು ವರ್ಷ. ಮೊದಲನೇ ವಾರ ಅವರ ಮನೆಯ ಫ್ಯೂಸ್ ಹಾಕಲು ಹೋಗಿ ಇಡೀ ಬೀದಿ ಕತ್ತಲೆ ಮಾಡಿದವನು ನಾನು. ಅಂದಿನಿಂದ ನಾನು ಸ್ಟೂಲ್ ಹತ್ತಿದರೆ ಅವರು ಟಾರ್ಚ್ ಹುಡುಕುತ್ತಾರೆ.

"ಅದೇನದು? ಇಲ್ಲಿ ಕೊಡಿ," ಒಳಗಿಂದ ದನಿ.

ತೊಡೆಯ ಮೇಲಿಟ್ಟೆ. ಮೂಗು ಹತ್ತಿರ ತಂದು, ಸಾರಿನ ಹದ ನೋಡುವವರ ಹಾಗೆ, ಒಂದು ಕಡೆ ಮೂಸಿದರು, ಇನ್ನೊಂದು ಕಡೆ ಮೂಸಿದರು.

"ಪ್ರೈಮರಿ ಚೆನ್ನಾಗಿದೆ. ಗೋಡೆ ಕರೆಂಟ್ ಬರೋ ಕಡೆ ಇದು. ಇದನ್ನ ಮುಟ್ಟಬೇಡಿ. ಹೊರಗಡೆ ಸುತ್ತಿರೋದು ಸೆಕೆಂಡರಿ, ಇದು ಸುಟ್ಟಿದೆ. ಇದನ್ನ ಬಿಚ್ಚಿ ಹೊಸ ತಂತಿ ಸುತ್ತಬೇಕು."

"ಮೂಗಿನಲ್ಲೇ ಹೇಳಿದ್ರಾ?"

"ಮತ್ತೆ? ನಿಮ್ಮ ಥರ ಕವಿತೆ ಬರೀತಾ ಕೂತಿದ್ರೆ ಸಂಬಳ ಕೊಡ್ತಿದ್ರಾ?"

ನೇರ ಪ್ಲಗ್ಗಿಗೆ ಹಾಕಲು ಬಿಡಲಿಲ್ಲ. ಮೊದಲು ನೂರು ವ್ಯಾಟಿನ ಹಳೇ ಬಲ್ಬು ತರಿಸಿದರು. ಕರೆಂಟು ಅದರ ಮೂಲಕವೇ ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಉರಿಯುತ್ತೆ, ಮನೆ ಉಳಿಯುತ್ತೆ. ಎಲ್ಲ ಸರಿಯಿದ್ದರೆ ಬಲ್ಬು ಮಂಕಾಗಿ ಸುಮ್ಮನಿರುತ್ತೆ. ಇದಕ್ಕೆ ಸೀರೀಸ್ ಬಲ್ಬು ಅಂತ ಹೆಸರು.

ಸುಟ್ಟದ್ದನ್ನೆಲ್ಲ ಬಿಚ್ಚಿ, ಪರೀಕ್ಷೆಗೆ ಅಂತ ಹತ್ತೇ ಹತ್ತು ಸುತ್ತು ಹಾಕಿ ಸ್ವಿಚ್ ಒತ್ತಿದೆ. ಬಲ್ಬು ಹತ್ತಲಿಲ್ಲ. ದೀಪ ಹತ್ತಲಿಲ್ಲ ಅಂತ ಖುಷಿಪಟ್ಟದ್ದು ಜೀವನದಲ್ಲಿ ಇದೇ ಮೊದಲು. ಆಮೇಲೆ ಬಲ್ಬು ತೆಗೆದು ಶಿವರಾಜ್ ಕೊಟ್ಟ ಮೀಟರ್ ಹಿಡಿದರೆ ಹತ್ತು ಸುತ್ತಿಗೆ ನಾಲ್ಕು ವೋಲ್ಟು.

"ಇಪ್ಪತ್ನಾಲ್ಕಕ್ಕೆ?" ಅಂದರು ಅತ್ತೆಯವರು, ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ.

"ಅರವತ್ತು ಸುತ್ತು."

"ಪರವಾಗಿಲ್ಲ," ಅಂದರು. ಹದಿನೆಂಟು ವರ್ಷದಲ್ಲಿ ಮೊದಲನೇ ಪರವಾಗಿಲ್ಲ.

ಫೆಬ್ರವರಿ 20, ಗುರುವಾರ

ಸುತ್ತಿದ್ದಾಯಿತು. ಅತ್ತೆ ಹೇಳಿಕೊಟ್ಟ ಕ್ರಮ ಇದು: ತಂತಿ ಬಿಗಿಯಾಗಿರಬೇಕು, ಒಂದರ ಪಕ್ಕ ಒಂದು ಕೂರಬೇಕು. ಹತ್ತಾದ ಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗೀಟು. ಮತ್ತೆ ಹೊಸದಾಗಿ ಲಾಭದಿಂದ ಶುರು. ಅಕ್ಕಿ ಅಳೆಯುವಾಗ ಒಂದು ಅನ್ನದೆ ಲಾಭ ಅಂತಾರಲ್ಲ, ಕಾಯಿಲ್ ಸೆಕ್ಷನ್ನಿನಲ್ಲೂ ಹಾಗೇ ಅಂತೆ.

ಬರೀ ಅಂಕಿ ಎಣಿಸಿದರೆ ನನಗೆ ನಿದ್ದೆ ಬರುತ್ತೆ. ಹಾಗಾಗಿ ಹತ್ತು ಸುತ್ತಿಗೆ ಹತ್ತು ಪದದ ಒಂದು ಪದ್ಯ ಕಟ್ಟಿಕೊಂಡೆ, ಪದಕ್ಕೊಂದು ಸುತ್ತು:

ಸುತ್ತೋ ಅಳಿಯ ಸುತ್ತು,
ಅತ್ತೆ ಕಣ್ಣು ಹತ್ತು,
ತಪ್ಪಿದ್ರೆ ಲೆಕ್ಕ ಕುತ್ತು, ಗೊತ್ತು?

ಹಿರಿಯರ ಮಾತಿಗೆ ಗೌರವ ಕೊಟ್ಟು ಪ್ರತಿಸಲವೂ ಮೊದಲು ಲಾಭ ಅಂದು, ಆಮೇಲೆ ಪದ್ಯ ಹೇಳಿದೆ. ಆರು ಗೀಟು ಬಿತ್ತು. ಅತ್ತೆ ಒಳಗೆ ಧಾರಾವಾಹಿ ನೋಡುತ್ತಿದ್ದರು. ಒಂದೇ ಒಂದು ತಂತಿ ಮೇಲೇರಲಿಲ್ಲ. ಕೈಯಲ್ಲಿ ಕಲೆ ಇದೆ ನನಗೆ, ಯಾರೂ ಗುರುತಿಸಿರಲಿಲ್ಲ.

ಮೀಟರ್ ಮಾತ್ರ ಇಪ್ಪತ್ತಾರೂವರೆ ತೋರಿಸಿತು. ಸ್ವಲ್ಪ ಹೊತ್ತು ಯೋಚನೆಯಾಯಿತು. ಒಳಗಿನ ಸೆಲ್ ವೀಕಾದರೆ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ ಶಿವರಾಜ್ ಒಂದು ಸಲ ಹೇಳಿದ್ದ. ಹಳೇ ಮೀಟರು, ಬಡಾಯಿ ಕೊಚ್ಚುತ್ತಿದೆ. ಅಂಥ ಜನ ನಮ್ಮ ಆಫೀಸಿನಲ್ಲೂ ಇದ್ದಾರೆ.

"ಎಷ್ಟು ಬಂತು ಅಳಿಯಂದ್ರೇ?"

"ಇಪ್ಪತ್ನಾಲ್ಕರ ಹತ್ತಿರ ಅತ್ತೆ."

ಹತ್ತಿರವೇ ತಾನೇ. ಪೀಣ್ಯಕ್ಕೆ ಯಶವಂತಪುರವೂ ಹತ್ತಿರವೇ.

ಫೆಬ್ರವರಿ 23, ಭಾನುವಾರ

ಬೆಳಗ್ಗೆ ಹತ್ತಕ್ಕೆ ಬರೆದದ್ದು: ಡಯೋಡು, ಫ್ಯೂಸು ಎಲ್ಲ ಜೋಡಿಸಿ ಚಾರ್ಜರ್ ಚಾಲೂ. ಹೊಸ ತಗಡಿನ ಡಬ್ಬಿ, ಮೇಲೆ ಕುಂಕುಮದ ಬೊಟ್ಟು. ಶೈಲಾ ಮದುವೆಮನೆಗೆ ಹೋಗಿದ್ದಾಳೆ, ಬಂದಾಗ ಕುರ್ಚಿ ಓಡುತ್ತಿರಬೇಕು. ಅಂಕಿಯೂ ಬರುತ್ತೆ ನನಗೆ, ಕನ್ನಡವೂ ಬರುತ್ತೆ.

ಸಾಯಂಕಾಲ ಆರಕ್ಕೆ ಬರೆಯುತ್ತಿರುವುದು:

ಕುರ್ಚಿ ನಿಲ್ಲಿಸಿದ್ದು ಹಾಲ್‌ನಲ್ಲಿ, ಮಾವನವರ ಫೋಟೋ ಇರುವ ಮೂಲೆಯಲ್ಲಿ. ಅಲ್ಲಿ ಪ್ಲಗ್ ಇದೆ. ಅಲ್ಲೇ ನಂದಾದೀಪವೂ ಇದೆ. ಮೂರು ವರ್ಷದ ಹಿಂದೆ ಮಾವ ತೀರಿಹೋದ ದಿನ ಹಚ್ಚಿದ್ದು, ಅತ್ತೆ ಆಸ್ಪತ್ರೆಯಲ್ಲಿದ್ದಾಗಲೂ ಶೈಲಾ ಎಣ್ಣೆ ಹಾಕುತ್ತಾ ಉಳಿಸಿದ್ದು. ಎರಡು ಗಂಟೆಗೊಮ್ಮೆ ಬ್ಯಾಟರಿ ಮುಟ್ಟಿ ನೋಡಿ, ಬೆಚ್ಚಗಾದರೆ ತೆಗೆಯಿರಿ ಅಂತ ಅತ್ತೆ ಹೇಳಿದ್ದರು. ಒಂದು ಸಲ ಮುಟ್ಟಿದೆ. ಆಮೇಲೆ ಬಿಸಿಬೇಳೆಬಾತ್ ತಿಂದೆ. ಆಮೇಲೆ ನಿದ್ದೆ.

ಕಾಲಿಗೆ ಏನೋ ತಿವಿದು ಎಚ್ಚರವಾಯಿತು. ಅತ್ತೆ ನಿಂತಿದ್ದರು, ವಾಕರ್ ಹಿಡಿದು. ಅದರ ಕಾಲಿನಿಂದಲೇ ತಿವಿದದ್ದು. ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಚಾರ್ಜರ್ ಸ್ವಿಚ್ ಆಫ್ ಆಗಿತ್ತು. ಕಿಟಕಿ ತೆರೆದಿತ್ತು. ನಂದಾದೀಪ ಉರಿಯುತ್ತಿರಲಿಲ್ಲ. ಬತ್ತಿಯ ಮೇಲೆ ಒಂದು ಸೇವಂತಿಗೆ ಹೂವು, ಅಂಚು ಕಪ್ಪಾಗಿತ್ತು.

"ದೀಪ..." ಅಂದೆ.

"ನಾನೇ ಶಾಂತ ಮಾಡಿದೆ. ಬ್ಯಾಟರಿ ಕುದ್ದು ಗ್ಯಾಸ್ ಬಿಡ್ತಾ ಇತ್ತು. ಕಿಡಿ ಸಿಕ್ಕಿದ್ರೆ ನಿಮ್ಮ ಮಾವನ ಪಕ್ಕದಲ್ಲಿ ನಮ್ಮಿಬ್ಬರ ಫೋಟೋನೂ ಇರ್ತಿತ್ತು." ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು. "ಹತ್ತು ಸಲ ಕೂಗಿದೆ. ಗೊರಕೆ ಬಿಟ್ರೆ ಉತ್ತರ ಇಲ್ಲ. ಮೀಟರ್ ಎಷ್ಟು ತೋರಿಸಿತ್ತು ಅವತ್ತು? ನಿಜ ಹೇಳು."

ಹೇಳಿದೆ. ಸೆಲ್ ವೀಕು, ಮೀಟರಿನ ಬಡಾಯಿ, ಎಲ್ಲ ಹೇಳಿದೆ.

"ಒಂದು ಮೀಟರ್ ಮೇಲೆ ಅನುಮಾನ ಬಂದ್ರೆ ಇನ್ನೊಂದು ಮೀಟರ್ ತರ್ತಾರೆ. ಸುಳ್ಳು ಹೇಳಿ ಮಲಗಲ್ಲ."

ಒಂದು ಬ್ಯಾಟರಿಯ ಹೊಟ್ಟೆ ಉಬ್ಬಿದೆ. ಬೆಳಗ್ಗೆ ಬರೆದ ಕೊನೇ ವಾಕ್ಯ ಹೊಡೆದುಹಾಕಬೇಕು ಅನ್ನಿಸಿತು. ಬೇಡ, ಇರಲಿ.

ಪ್ರಾಸ ಇಲ್ಲ ಇವತ್ತು.

ಫೆಬ್ರವರಿ 24, ಸೋಮವಾರ

ಅತ್ತೆ ಸ್ನಾನ ಮುಗಿಸಿ ಮತ್ತೆ ದೀಪ ಹಚ್ಚಿದರು. ನಾನು ಮುಖ ತಗ್ಗಿಸಿಕೊಂಡು ನಿಂತಿದ್ದೆ.

"ನಿಮ್ಮ ಮಾವ ಫ್ಯಾಕ್ಟರೀಲಿ ಫೈರ್ ಸೆಕ್ಷನ್ನಿನವರು. ಅರ್ಥ ಮಾಡ್ಕೋತಾರೆ," ಅಂದರು.

ಫೆಬ್ರವರಿ 27, ಗುರುವಾರ

ಮೂರು ದಿನ ಟ್ರಾನ್ಸ್‌ಫಾರ್ಮರ್ ಕಡೆ ತಲೆ ಹಾಕಿರಲಿಲ್ಲ. ಬಾಗಿಲಿಗೆ ಅಡ್ಡ ಇಟ್ಟಿದ್ದೆ. ನರಸಿಂಹಯ್ಯ ದೂರದೃಷ್ಟಿಯ ಮನುಷ್ಯ. ಇವತ್ತು ಕೆಲಸದಿಂದ ಬಂದು ನೋಡಿದರೆ ಅದು ಊಟದ ಮೇಜಿನ ಮೇಲಿತ್ತು, ಅತ್ತೆ ಅದರ ಮುಂದೆ ಕೂತಿದ್ದರು. ಅಷ್ಟು ಭಾರದ್ದು ಅಲ್ಲಿಗೆ ಹೇಗೆ ಹೋಯಿತು ಅಂತ ಕೇಳಿದೆ. ಶೈಲಾ ಎತ್ತಿಟ್ಟಳಂತೆ.

"ಬಿಚ್ಚು. ಬಿಚ್ಚುವಾಗ ನಾನು ಎಣಿಸ್ತೀನಿ."

ಬಿಚ್ಚಿದೆ. ಅರವತ್ತಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅರವತ್ತಾರು.

"ಆರು ಗೀಟಿಗೆ ಆರು ಸುತ್ತು ಜಾಸ್ತಿ. ಗೀಟಿಗೆ ಒಂದೊಂದು." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಹೆಂಗೆ ಎಣಿಸಿದೆ? ಸ್ವಲ್ಪ ಹೇಳು ಕೇಳೋಣ."

"ನೀವು ಹೇಳಿದ ಹಾಗೇ ಅತ್ತೆ. ಲಾಭ..."

"ಹೂಂ."

"ಸುತ್ತೋ, ಅಳಿಯ, ಸುತ್ತು, ಅತ್ತೆ, ಕಣ್ಣು..."

"ಏನದು?"

ಬೇರೆ ದಾರಿ ಇರಲಿಲ್ಲ. ಪೂರ್ತಿ ಪದ್ಯ ಒಪ್ಪಿಸಿದೆ, ಗಾಳಿಯಲ್ಲಿ ತಂತಿ ಸುತ್ತುತ್ತಾ. ಅವರು ಬಲಗೈಯ ಐದು ಬೆರಳು ಮಡಿಸಿ, ಮತ್ತೆ ಐದೂ ಬಿಡಿಸುತ್ತಾ ಹೋದರು. ಗೊತ್ತು ಅನ್ನುವ ಪದ ಬಂದಾಗ ಹನ್ನೊಂದನೇ ಬೆರಳು ಇರಲಿಲ್ಲ.

"ಲಾಭ ಅಂದ್ರೇನೇ ಒಂದು ಕಣೋ."

"ಗೊತ್ತು ಅತ್ತೆ."

"ಗೊತ್ತಿದ್ದ ಮೇಲೆ ಒಂದು ಪದ ತೆಗೆದುಹಾಕಬೇಕಿತ್ತು ತಾನೇ?"

"ತೆಗೆದ್ರೆ ಪ್ರಾಸ ಕೆಡುತ್ತೆ."

ಅತ್ತೆ ನಕ್ಕರು. ಲಕ್ವ ಹೊಡೆದ ಮೇಲೆ ಬಾಯಿಯ ಎಡಗಡೆ ಮೇಲೇಳುವುದಿಲ್ಲ ಅಂತ ಅವರು ನಗುವುದನ್ನೇ ಬಿಟ್ಟಿದ್ದರು. ಅರ್ಧ ಬಾಯಿಯಲ್ಲೇ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. ಶೈಲಾ ಅಡುಗೆಮನೆಯಿಂದ ಸೌಟು ಹಿಡಿದು ಓಡಿಬಂದಳು, ಏನಾಯಿತೋ ಅಂತ.

"ನಿನ್ನ ಗಂಡ ಪ್ರಾಸಕ್ಕೋಸ್ಕರ ಬ್ಯಾಟರಿ ಕೊಂದ," ಅಂದರು. "ಅತ್ತೆ ಕಣ್ಣು ಹತ್ತಂತೆ."

ಮಾರ್ಚ್ 2, ಭಾನುವಾರ

ಹೊಸದಾಗಿ ಸುತ್ತಿದೆ. ಅತ್ತೆ ಎಣಿಸಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಸೀರೀಸ್ ಬಲ್ಬು ಸುಮ್ಮನಿತ್ತು. ಮೀಟರಿಗೆ ಹೊಸ ಸೆಲ್ ಹಾಕಿದೆ, ಶಿವರಾಜ್ ಇನ್ನೊಂದು ಮೀಟರೂ ತಂದ. ಎರಡೂ ಇಪ್ಪತ್ನಾಲ್ಕು ಅಂದವು. ಬ್ಯಾಟರಿ ತುಂಬಿದ ಮೇಲೆ ಕರೆಂಟನ್ನು ತಾನೇ ನಿಲ್ಲಿಸುವ ಒಂದು ಚಿಕ್ಕ ಕಾರ್ಡನ್ನೂ ಹಾಕಿಕೊಟ್ಟ. ಎಷ್ಟಕ್ಕೆ ನಿಲ್ಲಬೇಕು ಅನ್ನುವುದಕ್ಕೆ ಅದರಲ್ಲೊಂದು ಪುಟಾಣಿ ಸ್ಕ್ರೂ ಇದೆ.

"ಒಂದು ಬ್ಯಾಟರಿ ಕೆಟ್ರೂ ಜೋಡೀನೇ ಬದಲಾಯಿಸು ಗುರು. ಹಳೇದೂ ಹೊಸದೂ ಸಂಸಾರ ಮಾಡಲ್ಲ," ಅಂದ. ಮಾಡಿದೆ.

ಈ ಸಲ ಚಾರ್ಜಿಗೆ ಇಟ್ಟದ್ದು ವರಾಂಡದಲ್ಲಿ, ಗಾಳಿಯಲ್ಲಿ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬೆಳಗ್ಗೆಯಿಂದ ಸಾಯಂಕಾಲದವರೆಗೆ ಕೂತೆ, ಬಾಣಂತಿ ಕಾಯುವವರ ಹಾಗೆ. ಅರ್ಧ ಗಂಟೆಗೊಮ್ಮೆ ಮುಟ್ಟಿದೆ. ಅತ್ತೆ ವಾಕರ್ ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಸೆಕ್ಷನ್ನಿನ ಕತೆ ಹೇಳಿದರು. ಸುತ್ತು ಎಣಿಸುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಬೇರೆ ಉತ್ತರ ಕೊಡುವ ಹಾಗಿಲ್ಲವಂತೆ. ಎಷ್ಟನೇ ಸುತ್ತಿನಲ್ಲಿದ್ದೇವೋ ಆ ಅಂಕಿಯನ್ನೇ ಜೋರಾಗಿ ಹೇಳಬೇಕು. ಅಮ್ಮಣ್ಣಿ, ಊಟ ಆಯ್ತಾ? ಇನ್ನೂರ ಹನ್ನೆರಡು. ಸೊಣ್ಣಮ್ಮ, ನಿನ್ನ ಗಂಡ ಗೇಟಲ್ಲಿ ನಿಂತಿದಾನೆ. ಎಂಬತ್ತೇಳು.

"ಜಗಳ ಆದಾಗ್ಲೂ ಹಂಗೇನಾ?"

"ಜಗಳ ಆದಾಗ ಅಂಕಿ ಜೋರಾಗಿ ಹೇಳ್ತಿದ್ವಿ, ಅಷ್ಟೇ."

ಮಾರ್ಚ್ 5, ಬುಧವಾರ

ವಿಶೇಷವೇನಿಲ್ಲ. ಟವೆಲ್ ಒಣಗಿಸಲು ಜಾಗವಿಲ್ಲ ಅಂತ ಶೈಲಾ ಗೊಣಗಿದಳು. ವರ್ಷದಿಂದ ವಾಕರ್ ಮೇಲೆ ಹರವುತ್ತಿದ್ದಳು. ಈಗ ಅದು ಯಾವಾಗ ನೋಡಿದರೂ ಅತ್ತೆಯ ಜೊತೆ ಇನ್ನೆಲ್ಲೋ ಇರುತ್ತೆ. ಒಂದು ಹಗ್ಗ ತರಬೇಕು.

ಮಾರ್ಚ್ 8, ಶನಿವಾರ

ನಾಲ್ಕೂಕಾಲಿಗೆ ಅಮ್ಮ ತಮ್ಮ ಕುರ್ಚಿಯಲ್ಲಿ ಹೊರಟರು. ಮಾವಿನಕಾಯಿ ಬಣ್ಣದ ಸೀರೆ, ಮಡಿಲಲ್ಲಿ ಸೊಣ್ಣಮ್ಮನವರಿಗೆ ಅಂತ ಕೋಡುಬಳೆ ಡಬ್ಬ.

"ಹಿಂದೆ ಬರಬೇಡ," ಅಂದರು.

"ಬರಲ್ಲ."

ಹಾಲಿನ ಬೂತಿನವರೆಗೆ ಮಾತ್ರ ಹೋದೆ. ಮೊಸರು ಬೇಕಿತ್ತು. ಮನೆಯಲ್ಲಿ ಮೊಸರು ಇತ್ತು. ಕುರ್ಚಿ ಜುಂ ಅಂತ ಪಾರ್ಕಿನ ಗೇಟು ದಾಟಿತು. ಕಟ್ಟೆಯ ಮೇಲಿದ್ದ ಮೂವರೂ ಎದ್ದು ನಿಂತದ್ದು ಕಂಡಿತು. ಮನೆಗೆ ಬಂದೆ.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಹೋದ ಭಾನುವಾರ ಶಿವರಾಜ್ ಹೋದ ಮೇಲೆ ಆ ಪುಟಾಣಿ ಸ್ಕ್ರೂವನ್ನು ನಾನು ಸ್ವಲ್ಪ ಇಳಿಸಿದ್ದೆ. ಹೆದರಿಕೆಗೆ. ಬ್ಯಾಟರಿ ಪೂರ್ತಿ ತುಂಬುವ ಮೊದಲೇ ಕಾರ್ಡು ಸಾಕು ಅನ್ನಲಿ, ಉಬ್ಬುವುದಕ್ಕಿಂತ ಹಸಿದಿರುವುದು ವಾಸಿ ಅಂತ. ಯಾರಿಗೂ ಹೇಳಿರಲಿಲ್ಲ.

ಆರಕ್ಕೆ ಫೋನು. "ಋಷಿ, ಹಾಲಿನ ಬೂತ್ ಹತ್ರ ನಿಂತುಹೋಯ್ತು. ಬಾ."

ಓಡಿದೆ. ರಸ್ತೆಯ ಉಬ್ಬಿನ ಮುಂದೆ ಕುರ್ಚಿ ನಿಂತಿತ್ತು, ಪಕ್ಕದಲ್ಲಿ ಸೊಣ್ಣಮ್ಮನವರು ಸೆರಗು ಸಿಕ್ಕಿಸಿಕೊಂಡು ಕಾವಲಿದ್ದರು. ಹೋದ ತಕ್ಷಣ ಸ್ಕ್ರೂವಿನ ವಿಷಯ ಹೇಳಿಬಿಟ್ಟೆ. ಯಾರೂ ಕೇಳುವ ಮೊದಲೇ.

"ನಾಳೆ ಇಬ್ರೂ ಕೂತು ಸರಿ ಮಾಡೋಣ. ಎರಡು ಮೀಟರೂ ಇಟ್ಕೋ," ಅಂದರು ಅಮ್ಮ.

"ಇವ್ರೇಯೇನಮ್ಮಣ್ಣಿ ಅದ ಮಾಡ್ದೋರು?" ಸೊಣ್ಣಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ಕೆಲ್ಸ?"

ಬೋಲ್ಟು-ನಟ್ಟು ಅನ್ನಲು ಬಾಯಿ ತೆರೆದೆ.

"ನಮ್ಮ ಸೆಕ್ಷನ್ನಿನವನೇ," ಅಂದರು ಅಮ್ಮ. "ಹೊಸಬ. ಎಣಿಕೆ ಇನ್ನೂ ಕಲೀತಾ ಇದಾನೆ."

ಸೊಣ್ಣಮ್ಮನವರು ಅಮ್ಮನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ನೋಡದೆ ಹೋದರು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಅಮ್ಮ ಕಾದರು.

"ತಳ್ಳು," ಅಂದರು.

ಕೇಳಿದ್ದು ಸರಿಯೇ ಅಂತ ಅವರ ಮುಖ ನೋಡಿದೆ.

"ತಳ್ಳು ಅಂದೆ. ಸೊಪ್ಪು ಸೊಪ್ಪು ಅಂತ ಕೂಗದಿದ್ರೆ ಸಾಕು."

ಹಿಡಿಕೆ ಹಿಡಿದೆ. ಉಬ್ಬು ದಾಟಿಸಿದೆ. ಮೊದಲನೇ ಹೆಜ್ಜೆಗೆ ಅಮ್ಮ ಮೆಲ್ಲಗೆ "ಲಾಭ" ಅಂದರು. ಆಮೇಲೆ ಎರಡು, ಮೂರು. ನನ್ನ ಹೆಜ್ಜೆಗಳನ್ನು ಎಣಿಸುತ್ತಿದ್ದಾರೆ ಅಂತ ತಿಳಿಯಲು ಸ್ವಲ್ಪ ಹೊತ್ತಾಯಿತು. ಆಮೇಲೆ ಬರೀ ತುಟಿ ಅಲ್ಲಾಡುತ್ತಿತ್ತು.

ಹೊಲಿಗೆ ಅಂಗಡಿ ದಾಟುವಾಗ ಕೇಳಿದೆ. "ಸೊಣ್ಣಮ್ಮನವರು ಹೋಗ್ತಾರಲ್ಲ, ಬೇಜಾರಾಯ್ತಾ ಅಮ್ಮ?"

"ಎಪ್ಪತ್ತಮೂರು," ಅಂದರು, ಸ್ವಲ್ಪ ಜೋರಾಗಿಯೇ.

ಹೆಜ್ಜೆ ಒಂದೇ ಸಮ ಇರುವ ಹಾಗೆ ನೋಡಿಕೊಂಡು ಮನೆಯವರೆಗೆ ತಳ್ಳಿದೆ.